ಲೆನ್ಸ್ ಆದ ಕ್ವೇಸಾರ್ ಹುಡುಕೋಕೆ ಯಾವ ದಾರಿ ಒಳ್ಳೇದು, ಸಿಕ್ಕಿದ್ದನ್ನ ಕನ್ಫರ್ಮ್ ಮಾಡೋಕೆ ಯಾವುದು

ಆಕಾಶದ ದೊಡ್ಡ ಸರ್ವೇಗಳ ಡೇಟಾ ಬಹುಪಾಲು ಈಗ ಫ್ರೀಯಾಗಿ ಸಿಗತ್ತೆ, ಹಾಗಾಗಿ ಲ್ಯಾಪ್‌ಟಾಪ್ ಇರೋ ಯಾರು ಬೇಕಾದ್ರೂ ಲೆನ್ಸ್ ಆದ ಕ್ವೇಸಾರ್ ಹುಡುಕೋಕೆ ಶುರು ಮಾಡ್ಬಹುದು. ಆದ್ರೆ ಎಲ್ಲಿಂದ ಶುರು ಮಾಡೋದು ಅನ್ನೋದ್ರಲ್ಲೇ ಸುಮಾರು ಜನ ಸಿಕ್ಕಾಕೊಳ್ತಾರೆ, ಗಾಯಾ ಉಪಗ್ರಹದ ಕ್ಯಾಟಲಾಗ್ ತಗೊಳ್ಳೋದಾ, ಬಣ್ಣ ನೋಡಿ ಮಶೀನ್ ಲರ್ನಿಂಗ್‌ಗೆ ಕೊಡೋದಾ, ರೇಡಿಯೋ ಸರ್ವೇ ನೋಡೋದಾ, ಅಥವಾ ಬೆಳಕು ಏರಿಳಿಯೋದನ್ನ ಕಾದು ನೋಡೋದಾ ಅಂತ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಯಾವ ವಿಧಾನ ಎಷ್ಟು ಲೆನ್ಸ್ ಹಿಡಿಯತ್ತೆ ಅಂತ ನೋಡಿ ಆರಿಸ್ಬೇಡಿ, ಅದು ಲೆನ್ಸ್ ಜೊತೆಗೆ ಯಾವ ಥರದ ಕಸ (ಲೆನ್ಸ್ ಅಲ್ದೆ ಲೆನ್ಸ್ ಥರ ಕಾಣೋದು) ತರತ್ತೆ ಅಂತ ನೋಡಿ ಆರಿಸಿ. ಯಾಕಂದ್ರೆ ಆ ಕಸ ತೆಗೆಯೋಕೆ ನಿಮಗೆ ಯಾವ ಟೆಲಿಸ್ಕೋಪ್ ಸಿಗತ್ತೆ, ಎಷ್ಟು ರಾತ್ರಿ ಸಿಗತ್ತೆ ಅನ್ನೋದೇ ಕೊನೆಗೆ ಎಲ್ಲಾನೂ ತೀರ್ಮಾನ ಮಾಡತ್ತೆ.

ಹೊಸಬರಿಗೆ ಎರಡೇ ಮಾತು. ತುಂಬಾ ದೂರದಲ್ಲಿ ಒಂದು ಕ್ವೇಸಾರ್ (ದೈತ್ಯ ಕಪ್ಪುಕುಳಿಗೆ ಅನಿಲ ಬೀಳ್ತಾ ತುಂಬಾ ಜೋರಾಗಿ ಹೊಳೆಯೋ ಗ್ಯಾಲಕ್ಸಿಯ ನಡುಭಾಗ) ಇದೆ, ನಮಗೂ ಅದಕ್ಕೂ ನಡುವೆ ಹೆಚ್ಚುಕಮ್ಮಿ ಒಂದೇ ಸಾಲಿನಲ್ಲಿ ಒಂದು ದೊಡ್ಡ ಗ್ಯಾಲಕ್ಸಿ ಬಂದಿದೆ ಅಂದ್ಕೊಳ್ಳಿ, ಆ ಗ್ಯಾಲಕ್ಸಿಯ ಗುರುತ್ವ ಬೆಳಕನ್ನ ಬಗ್ಗಿಸಿ ಒಂದೇ ಕ್ವೇಸಾರ್ ಎರಡಾಗಿಯೋ ನಾಲ್ಕಾಗಿಯೋ ಕಾಣೋ ಹಾಗೆ ಮಾಡತ್ತೆ, ಇದನ್ನೇ ಲೆನ್ಸ್ ಅನ್ನೋದು. ಮೊದಲನೇದು 1979ರಲ್ಲಿ ವಾಲ್ಶ್, ಕಾರ್ಸ್‌ವೆಲ್, ವೇಮನ್ ಮೂವರಿಗೆ ಸಿಕ್ಕಿದ್ದು, ಕ್ಯೂ0957+561, ಸುಮಾರು 6 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ದೂರದಲ್ಲಿ ಎರಡು ಚುಕ್ಕಿ, ಎರಡರದ್ದೂ ರೆಡ್‌ಶಿಫ್ಟ್ (ವಿಶ್ವ ಹಿಗ್ಗೋದ್ರಿಂದ ಬೆಳಕು ಎಷ್ಟು ಕೆಂಪಿನ ಕಡೆ ಸರಿದಿದೆ ಅನ್ನೋ ಅಳತೆ, ದೂರ ಹೆಚ್ಚಾದಷ್ಟೂ ಹೆಚ್ಚು) 1.41. ಒಂದೊಂದು ಚುಕ್ಕಿಯ ಬೆಳಕೂ ಬೇರೆ ಬೇರೆ ಉದ್ದದ ದಾರಿಯಲ್ಲಿ ಬರೋದ್ರಿಂದ ಒಂದರಲ್ಲಿ ಕಂಡ ಏರಿಳಿತ ಇನ್ನೊಂದರಲ್ಲಿ ತಡವಾಗಿ ಕಾಣತ್ತೆ, ಆ ತಡ ಎಷ್ಟು ದಿನ ಅಂತ ಅಳೆದ್ರೆ ವಿಶ್ವ ಎಷ್ಟು ಜೋರಾಗಿ ಹಿಗ್ತಿದೆ ಅಂತ ಲೆಕ್ಕ ಹಾಕ್ಬಹುದು. ಈ ಐಡಿಯಾನ ರೆಫ್ಸ್‌ಡಾಲ್ 1964ರಲ್ಲೇ, ಅಂದ್ರೆ ಒಂದು ಲೆನ್ಸ್ ಕೂಡ ಸಿಗೋಕೆ ಮುಂಚೆನೇ ಬರೆದಿಟ್ಟಿದ್ರು. ಅದಕ್ಕೇ ಇವುಗಳಿಗೆ ಇಷ್ಟು ಬೆಲೆ.

ಇನ್ನು ಎಷ್ಟು ಅಪರೂಪ ಅನ್ನೋದು. ಎಸ್‌ಡಿಎಸ್‌ಎಸ್ ಅನ್ನೋ ದೊಡ್ಡ ಆಕಾಶ ಸರ್ವೇಯ ಕ್ವೇಸಾರ್ ಲೆನ್ಸ್ ಹುಡುಕಾಟದಲ್ಲಿ 50,836 ಕ್ವೇಸಾರ್ ಜಾಲಾಡಿ ಲೆಕ್ಕಕ್ಕೆ ತಗೊಂಡ ಲೆನ್ಸ್ ಬರೀ 26, ಅಂದ್ರೆ ಸುಮಾರು ಎರಡು ಸಾವಿರಕ್ಕೆ ಒಂದು. ಈ ಸಂಖ್ಯೆ ತಲೇಲಿ ಇಟ್ಕೊಳ್ಳಿ. ನೀವು ಬರೆದ ಪ್ರೋಗ್ರಾಂ ನೂರಕ್ಕೆ ಒಂದೇ ಸಲ ತಪ್ಪು ಮಾಡೋ ಅಷ್ಟು ಚೆನ್ನಾಗಿದ್ರೂ ಒಂದು ಲಕ್ಷ ಕ್ವೇಸಾರ್ ಕೊಟ್ರೆ ನಿಜವಾದ 50ರ ಜೊತೆ ಸುಳ್ಳು 1000 ಎತ್ಕೊಂಡು ಬರತ್ತೆ, ಆ ಸಾವಿರದಲ್ಲಿ ಏನೇನಿದೆ ಅಂತ ಗೊತ್ತಿಲ್ದೆ ಟೆಲಿಸ್ಕೋಪ್ ಟೈಮ್ ಕೇಳೋಕೆ ಹೋಗೋದು ವ್ಯರ್ಥ.

ಮೊದ್ಲು ಹುಡುಕೋ ದಾರಿಗಳು

ಎಲ್ಲಕ್ಕಿಂತ ಶಿಸ್ತಿನ ದಾರಿ ಅಂದ್ರೆ ಆಗ್ಲೇ ಸ್ಪೆಕ್ಟ್ರಮ್ (ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದ ನಕ್ಷೆ) ತೆಗೆದು ಕ್ವೇಸಾರ್ ಅಂತ ಖಚಿತವಾಗಿರೋದನ್ನೇ ತಗೊಂಡು ಅದರ ಸುತ್ತ ಹುಡುಕೋದು. ಎಸ್‌ಡಿಎಸ್‌ಎಸ್‌ನಲ್ಲಿ ಒಗುರಿ, ಇನಾಡಾ ಮತ್ತೆ ಅವರ ಜೊತೆಯವರು ಮಾಡಿದ್ದು ಇದೇ. ಎರಡು ಥರ ನೋಡಿದ್ರು: ಇಮೇಜಿನಲ್ಲಿ ಕ್ವೇಸಾರ್ ಒಂದು ಚುಕ್ಕಿ ಥರ ಇಲ್ದೆ ಸ್ವಲ್ಪ ಉದ್ದಕ್ಕೋ ಅಗಲಕ್ಕೋ ಹರಡಿದ್ರೆ ಅದು ಹತ್ತಿರದ ಜೋಡಿ ಇರ್ಬಹುದು, ಇಲ್ಲಾಂದ್ರೆ ಪಕ್ಕದಲ್ಲಿ ಅದೇ ಬಣ್ಣದ ಇನ್ನೊಂದು ಚುಕ್ಕಿ ಇದ್ರೆ ಅದು ದೂರದ ಜೋಡಿ ಇರ್ಬಹುದು. ಎರಡನೇ ಥರದಲ್ಲೇ 2003ರಲ್ಲಿ ಎಸ್‌ಡಿಎಸ್‌ಎಸ್ ಜೆ1004+4112 ಸಿಕ್ಕಿದ್ದು, ಅಲ್ಲಿ ಬೆಳಕನ್ನ ಬಗ್ಗಿಸ್ತಿರೋದು ಒಂದು ಗ್ಯಾಲಕ್ಸಿ ಅಲ್ಲ, ಗ್ಯಾಲಕ್ಸಿಗಳ ಇಡೀ ಗುಂಪು, ಚುಕ್ಕಿಗಳ ನಡುವೆ 14.6 ಆರ್ಕ್‌ಸೆಕೆಂಡ್‌ವರೆಗೂ ಅಂತರ. ಈ ದಾರಿಯ ದೊಡ್ಡ ಲಾಭ ಏನಂದ್ರೆ ಎಷ್ಟು ಕ್ವೇಸಾರ್ ನೋಡಿದ್ವಿ ಅಂತ ಸರಿಯಾಗಿ ಗೊತ್ತಿರತ್ತೆ, ಹಾಗಾಗಿ ಲೆನ್ಸ್ ಎಷ್ಟು ಅಪರೂಪ ಅಂತ ಲೆಕ್ಕ ಹಾಕಿ ಅದರಿಂದ ಕಾಸ್ಮಾಲಜಿ (ಇಡೀ ವಿಶ್ವದ ಲೆಕ್ಕ) ಮಾಡ್ಬೇಕು ಅನ್ನೋರಿಗೆ ಇದು ಬಿಟ್ರೆ ಬೇರೆ ದಾರಿ ಕಮ್ಮಿ. ನಷ್ಟ ಏನಂದ್ರೆ ಸ್ಪೆಕ್ಟ್ರಮ್ ತೆಗೆಯೋಕೆ ಆರಿಸುವಾಗ್ಲೇ ಕೆಲವು ಲೆನ್ಸ್ ತಪ್ಪೋಗತ್ತೆ, ನಡುವಿನ ಗ್ಯಾಲಕ್ಸಿ ತುಂಬಾ ಹೊಳೀತಿದ್ರೆ ಒಟ್ಟು ಬಣ್ಣ ಕ್ವೇಸಾರ್ ಥರ ಕಾಣೋದೇ ಇಲ್ಲ, ಅಂಥದ್ದು ಲಿಸ್ಟಿಗೇ ಬರಲ್ಲ. ಇಲ್ಲಿ ಬರೋ ಕಸ ಹೆಚ್ಚಾಗಿ ಕ್ವೇಸಾರ್ ಪಕ್ಕ ಕೂತಿರೋ ನಕ್ಷತ್ರ, ಮತ್ತೆ ನಿಜವಾಗ್ಲೂ ಎರಡು ಬೇರೆ ಕ್ವೇಸಾರ್‌ಗಳು.

ರೇಡಿಯೋ ದಾರಿ ನನಗೆ ತುಂಬಾ ಇಷ್ಟ, ಅದನ್ನ ಜನ ಸುಮ್ನೆ ಕಡೆಗಣಿಸ್ತಾರೆ ಅನ್ನೋ ಬೇಜಾರೂ ಇದೆ. ಕ್ಲಾಸ್ ಅನ್ನೋ ಸರ್ವೇಲಿ ಅಮೆರಿಕದ ವಿಎಲ್‌ಎ ಟೆಲಿಸ್ಕೋಪಿನಿಂದ 8.4 ಗಿಗಾಹರ್ಟ್ಸ್‌ನಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ರೇಡಿಯೋ ಮೂಲಗಳನ್ನ ನೋಡಿ 22 ಲೆನ್ಸ್ ಹಿಡಿದ್ರು. ರೇಡಿಯೋದಲ್ಲಿ ನಮ್ಮ ಗ್ಯಾಲಕ್ಸಿಯ ನಕ್ಷತ್ರಗಳು ಅಡ್ಡ ಬರಲ್ಲ, ಧೂಳು ಅಡ್ಡ ಬರಲ್ಲ, ನಡುವಿನ ಗ್ಯಾಲಕ್ಸಿಯ ಬೆಳಕೂ ಸಾಮಾನ್ಯವಾಗಿ ಕಣ್ಣು ಕುಕ್ಕಲ್ಲ. ಕಸ ಅಂದ್ರೆ ಬಹುಪಾಲು ಒಂದೇ ಥರದ್ದು: ಒಂದು ರೇಡಿಯೋ ಮೂಲದ ನಡುಭಾಗ ಮತ್ತೆ ಅದರಿಂದ ಚಿಮ್ಮಿದ ಜೆಟ್ ಸೇರಿ ಎರಡು ಚುಕ್ಕಿ ಥರ ಕಾಣೋದು. ಅದನ್ನ ತೆಗೆಯೋಕೆ ಒಂದು ಚೆಂದದ ಪರೀಕ್ಷೆ ಇದೆ. ಲೆನ್ಸಿಂಗ್‌ನಲ್ಲಿ ಮೇಲ್ಮೈ ಹೊಳಪು ಬದಲಾಗಲ್ಲ, ಚುಕ್ಕಿ ಮಂಕಾಗಿದ್ರೆ ಅದರ ಗಾತ್ರನೂ ಅಷ್ಟೇ ಚಿಕ್ಕದಾಗಿರ್ಬೇಕು. ಹಾಗಾಗಿ ವಿಎಲ್‌ಬಿಎ ಅನ್ನೋ ರೇಡಿಯೋ ಟೆಲಿಸ್ಕೋಪ್ ಜಾಲ ಕೊಡೋ ಥರದ ಸೂಕ್ಷ್ಮ ಇಮೇಜಿನಲ್ಲಿ ಮಂಕಾದ ಚುಕ್ಕಿ ಹರಡ್ಕೊಂಡು ದೊಡ್ಡದಾಗಿ ಕಂಡ್ರೆ ಅದು ಜೆಟ್, ಕೈಬಿಡಿ ಅಷ್ಟೇ. ಆಪ್ಟಿಕಲ್‌ನಲ್ಲಿ (ಕಣ್ಣಿಗೆ ಕಾಣೋ ಬೆಳಕಲ್ಲಿ) ಇಷ್ಟು ಖಡಕ್ಕಾಗಿ ಹೇಳೋ ಪರೀಕ್ಷೆ ಒಂದೂ ಇಲ್ಲ.

ಧೂಳಿನ ಮಾತು ಬಂತಲ್ಲ, ಪಿಕೆಎಸ್ 1830-211 ಅನ್ನೋ ರೇಡಿಯೋ ಮೂಲ ನೋಡಿ. ಇದು ನಮ್ಮ ಆಕಾಶಗಂಗೆಯ ನಡುಭಾಗದ ದಿಕ್ಕಿನಲ್ಲೇ ಇದೆ, ಆಪ್ಟಿಕಲ್‌ನಲ್ಲಿ ನಕ್ಷತ್ರ ಮತ್ತೆ ಧೂಳಿನ ನಡುವೆ ಕಳೆದೇ ಹೋಗತ್ತೆ. ಇದು ಲೆನ್ಸ್ ಇರ್ಬೇಕು ಅಂತ 1988ರಲ್ಲಿ ಹೇಳಿದ್ದು ಪ್ರಮೇಶ್ ರಾವ್ ಮತ್ತು ರವಿ ಸುಬ್ರಹ್ಮಣ್ಯನ್, ಅದೂ ರೇಡಿಯೋ ಇಮೇಜಿನ ಎರಡು ಚುಕ್ಕಿ ನೋಡಿ. ಸುಬ್ರಹ್ಮಣ್ಯನ್ ಮುಂದೆ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾದ್ರು. ಆಮೇಲೆ ಅದರ ಸುತ್ತ ಐನ್‌ಸ್ಟೈನ್ ರಿಂಗ್ (ಲೆನ್ಸಿಂಗ್‌ನಿಂದ ಉಂಗುರದ ಥರ ಕಾಣೋದು) ಇರೋದೂ ಗೊತ್ತಾಯ್ತು, ಕ್ವೇಸಾರಿನ ರೆಡ್‌ಶಿಫ್ಟ್ 2.507, ಲೆನ್ಸ್ ಗ್ಯಾಲಕ್ಸಿಯದ್ದು 0.89 ಅಂತ ತಿಳಿಯೋಕೆ ಇನ್ನೂ ವರ್ಷಗಳೇ ಬೇಕಾಯ್ತು. ರೇಡಿಯೋದ ತೊಂದರೆ ಅದೇ, ಲೆನ್ಸ್ ಅಂತ ಬೇಗ ಗೊತ್ತಾಗತ್ತೆ, ರೆಡ್‌ಶಿಫ್ಟ್ ಗೊತ್ತಾಗಲ್ಲ. ಜೊತೆಗೆ ಕ್ವೇಸಾರ್‌ಗಳಲ್ಲಿ ಹತ್ತರಲ್ಲಿ ಒಂದೋ ಏನೋ ಮಾತ್ರ ರೇಡಿಯೋದಲ್ಲಿ ಜೋರಾಗಿರೋದು, ಉಳಿದ ಒಂಬತ್ತು ಈ ಬಲೆಗೆ ಬೀಳೋದೇ ಇಲ್ಲ.

ಈಗ ಗಾಯಾ. ಇವತ್ತಿನ ದಿನ ಯಾರಾದ್ರೂ ಒಂದೇ ದಾರಿ ಹೇಳಿ ಅಂದ್ರೆ ನಾನು ಇದನ್ನೇ ಹೇಳೋದು, ಆದ್ರೆ ಇದರ ಒಳಸುಳಿ ಗೊತ್ತಿರ್ಬೇಕು. ಯುರೋಪಿನ ಗಾಯಾ ಉಪಗ್ರಹ 2013ರ ಡಿಸೆಂಬರ್‌ನಲ್ಲಿ ಹೋಗಿದ್ದು, 2025ರಲ್ಲಿ ಕೆಲಸ ನಿಲ್ಲಿಸ್ತು, ಅದರ ಮೂರನೇ ಡೇಟಾ ರಿಲೀಸ್‌ನಲ್ಲಿ ಸುಮಾರು 180 ಕೋಟಿ ಮೂಲಗಳಿವೆ. ನೆಲದ ಮೇಲಿನ ಸರ್ವೇಗಳಲ್ಲಿ ವಾತಾವರಣದಿಂದ ಬೆರೆತು ಒಂದೇ ಆಗಿ ಕಾಣೋ ಜೋಡಿ ಗಾಯಾದಲ್ಲಿ ಎರಡು ಚುಕ್ಕಿಯಾಗಿ ಬಿಡಿಬಿಡಿಯಾಗಿ ಕಾಣತ್ತೆ. ಇನ್ನೂ ಒಂದು ಲಾಭ ಇದೆ, ಗಾಯಾ ಚುಕ್ಕಿಗಳನ್ನ ಹಿಡಿಯೋಕೆ ಮಾಡಿದ್ದು, ಹರಡಿರೋ ಗ್ಯಾಲಕ್ಸಿಗಳನ್ನ ಅದು ಬಹಳಷ್ಟು ಸಲ ಬಿಟ್ಬಿಡತ್ತೆ, ಹಾಗಾಗಿ ಬೇರೆ ಸರ್ವೇಲಿ ಗ್ಯಾಲಕ್ಸಿ ಥರ ಕಾಣೋ ಜಾಗದಲ್ಲಿ ಗಾಯಾಗೆ ಎರಡು ಚುಕ್ಕಿ ಸಿಕ್ರೆ ಅದು ನೋಡಲೇಬೇಕಾದ ಕ್ಯಾಂಡಿಡೇಟ್. ಎರಡು ಚುಕ್ಕಿ ಸಿಗದೆ ಒಂದೇ ಸಿಕ್ರೂ ಪರವಾಗಿಲ್ಲ, ಗಾಯಾ ಹೇಳೋ ಜಾಗಕ್ಕೂ ನೆಲದ ಮೇಲಿನ ಪ್ಯಾನ್‌ಸ್ಟಾರ್ಸ್ ಸರ್ವೇ ಹೇಳೋ ಜಾಗಕ್ಕೂ ಸ್ವಲ್ಪ ವ್ಯತ್ಯಾಸ ಇದ್ರೆ, ಅಥವಾ ಗಾಯಾದಲ್ಲಿ ಹೊಳಪು ಕಮ್ಮಿ ಬಂದಿದ್ರೆ, ಅಲ್ಲಿ ಗಾಯಾ ಕಾಣದ ಇನ್ನೇನೋ ಬೆಳಕಿದೆ ಅಂತ ಅರ್ಥ. ಲೆಮನ್ ಮತ್ತು ಜೊತೆಯವರು ಈ ಎಲ್ಲಾ ಉಪಾಯ ಬಳಸಿ ಸಾಲಾಗಿ ಪೇಪರ್ ತಂದ್ರು.

ಪ್ರಾಪರ್ ಮೋಷನ್ (ಚುಕ್ಕಿ ಆಕಾಶದಲ್ಲಿ ವರ್ಷ ವರ್ಷ ಸರಿಯೋ ಚಲನೆ) ಮತ್ತೆ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನ ಸುತ್ತೋದ್ರಿಂದ ಹತ್ತಿರದ ಚುಕ್ಕಿ ಅಲುಗಿದ ಹಾಗೆ ಕಾಣೋದು) ಕೂಡ ಗಾಯಾ ಕೊಡತ್ತೆ, ಕ್ವೇಸಾರ್‌ಗೆ ಎರಡೂ ಸೊನ್ನೆ ಇರ್ಬೇಕು, ನಕ್ಷತ್ರಕ್ಕೆ ಇರಲ್ಲ, ಹಾಗಾಗಿ ಅರ್ಧ ಕಸ ಮನೇಲೇ ಕೂತು ತೆಗೀಬಹುದು. ಇಲ್ಲಿ ಒಂದು ಎಚ್ಚರಿಕೆ ಹೇಳ್ಲೇಬೇಕು. ಹತ್ತಿರ ಹತ್ತಿರ ಇರೋ ಚುಕ್ಕಿಗಳಲ್ಲಿ ಒಂದರ ಬೆಳಕು ಇನ್ನೊಂದಕ್ಕೆ ಸೇರಿ ಇಲ್ಲದ ಚಲನೆ ಇದೆ ಅಂತ ತೋರ್ಸತ್ತೆ, ನೀವು ಬಿಗಿಯಾಗಿ ಕಟ್ (ಇಷ್ಟಕ್ಕಿಂತ ಹೆಚ್ಚು ಚಲನೆ ಇದ್ರೆ ಬೇಡ ಅನ್ನೋ ಮಿತಿ) ಹಾಕಿದ್ರೆ ನಿಜವಾದ ಲೆನ್ಸೇ ಹೊರಗೆ ಹೋಗತ್ತೆ. ಸಡಿಲವಾಗಿ ಹಾಕಿ, ಅದರಿಂದ ಹೆಚ್ಚು ಬರೋ ನಕ್ಷತ್ರಗಳನ್ನ ಕಣ್ಣಲ್ಲಿ ನೋಡಿ ತೆಗೀರಿ. ಇನ್ನು ಮಿತಿಗಳು: ಹೊಳಪಿನ ಅಳತೆಯಾದ ಮ್ಯಾಗ್ನಿಟ್ಯೂಡ್‌ನಲ್ಲಿ (ಅಂಕಿ ಹೆಚ್ಚಾದಷ್ಟೂ ಮಂಕು) ಸುಮಾರು 21ಕ್ಕಿಂತ ಮಂಕು ಚುಕ್ಕಿ ಸಿಗಲ್ಲ, ಅರ್ಧ ಆರ್ಕ್‌ಸೆಕೆಂಡ್‌ಗಿಂತ ಹತ್ತಿರ ಇದ್ರೆ ಕ್ಯಾಟಲಾಗಿನಲ್ಲಿ ಎರಡೂ ಇರೋದು ಕಷ್ಟ, ಚುಕ್ಕಿಗಳ ಬಣ್ಣ ಅಳೆಯೋ ಕಿಟಕಿ ಕೆಲವು ಆರ್ಕ್‌ಸೆಕೆಂಡ್ ಅಗಲ ಇರೋದ್ರಿಂದ ಹತ್ತಿರದ ಜೋಡಿಯ ಬಣ್ಣ ಬೆರೆತು ಬರತ್ತೆ.

ಈ ದಾರಿ ಎಷ್ಟು ಫಲ ಕೊಡತ್ತೆ ಅನ್ನೋಕೆ ಲೆಮನ್ ತಂಡದ 2023ರ ಪೇಪರ್ ಒಂದೇ ಸಾಕು. ಆರಿಸಿದ 175 ಕ್ಯಾಂಡಿಡೇಟ್‌ಗಳಿಗೆ ಸ್ಪೆಕ್ಟ್ರಮ್ ತೆಗೆದ್ರು, 86 ಖಚಿತ ಲೆನ್ಸ್, 17 ಬಹುಶಃ ಲೆನ್ಸ್, 11 ಬರೀ ಒಂದೇ ದಿಕ್ಕಲ್ಲಿ ಕಾಣೋ ಆದ್ರೆ ಬೇರೆ ಬೇರೆ ದೂರದ ಕ್ವೇಸಾರ್ ಜೋಡಿ, 11 ನಿಜವಾಗ್ಲೂ ಅಕ್ಕಪಕ್ಕ ಇರೋ ಕ್ವೇಸಾರ್ ಜೋಡಿ, ಮತ್ತೆ 25 ಏನು ಅಂತ ಹೇಳೋಕಾಗದ ಒಂದೇ ರೆಡ್‌ಶಿಫ್ಟಿನ ಜೋಡಿ. ಆ 25ನ್ನ ಮರೀಬೇಡಿ, ಕೆಳಗೆ ಅದರ ಬಗ್ಗೆ ಮಾತಾಡೋದಿದೆ. ಗಾಯಾದವರೇ 2023ರ ಅಕ್ಟೋಬರಿನಲ್ಲಿ ಗೊತ್ತಿರೋ ಕ್ವೇಸಾರ್‌ಗಳ ಸುತ್ತ ಕಚ್ಚಾ ಡೇಟಾ ಮತ್ತೆ ಜಾಲಾಡಿ 381 ಹೊಸ ಕ್ಯಾಂಡಿಡೇಟ್ ಲಿಸ್ಟ್ ಕೊಟ್ಟಿದಾರೆ, ಹೊಸದಾಗಿ ಶುರು ಮಾಡೋರು ಅದನ್ನೇ ತೆಗೆದು ಒಂದೊಂದನ್ನೂ ಇಮೇಜಿನಲ್ಲಿ ನೋಡೋದು ಒಳ್ಳೇ ಅಭ್ಯಾಸ.

ಬಣ್ಣದ ದಾರಿ, ಅದರ ಜೊತೆ ಮಶೀನ್ ಲರ್ನಿಂಗ್. ಇನ್ಫ್ರಾರೆಡ್‌ನಲ್ಲಿ ಆಕಾಶ ನೋಡಿದ ವೈಸ್ ಉಪಗ್ರಹದ 3.4 ಮತ್ತು 4.6 ಮೈಕ್ರಾನ್ ಎರಡು ಬ್ಯಾಂಡಿನ ಮ್ಯಾಗ್ನಿಟ್ಯೂಡ್ ವ್ಯತ್ಯಾಸ ನಕ್ಷತ್ರಗಳಿಗೆ ಸೊನ್ನೆ ಹತ್ರ, ಕ್ವೇಸಾರ್‌ಗಳಿಗೆ ಬಿಸಿ ಧೂಳಿನಿಂದಾಗಿ 0.8ರ ಮೇಲೆ. ಇಷ್ಟು ಸುಲಭದ ಜರಡಿ ಆಪ್ಟಿಕಲ್‌ನಲ್ಲಿ ಸಿಗಲ್ಲ, ಹಾಗಾಗಿ ಈಗ ಹುಡುಕೋರು ಹೆಚ್ಚಿನವರು ವೈಸ್ ಬಿಟ್ಟು ಮಾಡಲ್ಲ. ಆದ್ರೆ ವೈಸ್ ಕಣ್ಣಿಗೆ 6 ಆರ್ಕ್‌ಸೆಕೆಂಡ್ ಒಳಗೆ ಇರೋದೆಲ್ಲಾ ಒಂದೇ, ಕ್ವೇಸಾರ್ ಪಕ್ಕ ನಕ್ಷತ್ರ ಇದ್ರೂ ಜೋಡಿ ಪೂರ್ತಿ ಕ್ವೇಸಾರ್ ಅನ್ನತ್ತೆ, ಹಾಗಾಗಿ ಇಲ್ಲಿಯ ಕಸ ಮುಕ್ಕಾಲು ಪಾಲು ಕ್ವೇಸಾರ್ ಜೊತೆ ನಕ್ಷತ್ರ. ಸಿಮ್ಯುಲೇಶನ್ ಲೆನ್ಸ್ ತೋರಿಸಿ ಟ್ರೇನ್ ಮಾಡಿದ ನೆಟ್‌ವರ್ಕ್‌ಗಳು ನಾಲ್ಕು ಚುಕ್ಕಿ ಇರೋದನ್ನ ಚೆನ್ನಾಗಿ ಹಿಡಿಯತ್ತೆ, ಎರಡು ಚುಕ್ಕಿ ಇರೋದ್ರಲ್ಲಿ ಮೋಸ ಹೋಗತ್ತೆ, ಯಾಕಂದ್ರೆ ಎರಡು ಚುಕ್ಕಿ ಅನ್ನೋದರಲ್ಲಿ ಆಕಾರ ಅನ್ನೋದೇ ಇಲ್ಲ. ಮನುಷ್ಯರ ಕಣ್ಣು ಇನ್ನೂ ಬೇಕು. ಸ್ಪೇಸ್ ವಾರ್ಪ್ಸ್ ಅನ್ನೋ ಯೋಜನೇಲಿ ಸಾವಿರಾರು ಸಾಮಾನ್ಯ ಜನ ಇಮೇಜ್ ನೋಡಿ ಸಾಫ್ಟ್‌ವೇರ್‌ಗಳಿಗೆ ಕಾಣದ ಲೆನ್ಸ್ ಕ್ಯಾಂಡಿಡೇಟ್‌ಗಳನ್ನ ಹಿಡಿದ್ರು, ಅದನ್ನ ನಡೆಸಿದವರಲ್ಲಿ ಪುಣೆಯ ಅಯೂಕಾ ಖಗೋಳ ಸಂಸ್ಥೆಯ ಅನುಪ್ರೀತಾ ಮೋರೆ ಒಬ್ರು. ಅಲ್ಲಿ ಹೆಚ್ಚಾಗಿ ಲೆನ್ಸಿಂಗ್‌ನಿಂದ ಕಮಾನಿನ ಥರ ಎಳೆದು ಕಾಣೋ ಗ್ಯಾಲಕ್ಸಿಗಳನ್ನ ಹುಡುಕಿದ್ದು, ಆದ್ರೂ ಪಾಠ ಕ್ವೇಸಾರ್‌ಗೂ ಅದೇ.

ಕೊನೇದು ಬೆಳಕಿನ ಏರಿಳಿತ. ಕೋಚಾನೆಕ್ ಮತ್ತು ಜೊತೆಯವರು 2006ರಲ್ಲಿ ಹೇಳಿದ್ದು ತುಂಬಾ ಸರಳ: ಒಂದೇ ಜಾಗದ ಬೇರೆ ಬೇರೆ ರಾತ್ರಿಯ ಇಮೇಜ್‌ಗಳನ್ನ ಒಂದರಿಂದ ಒಂದು ಕಳೆದ್ರೆ ಬದಲಾಗದ ಗ್ಯಾಲಕ್ಸಿ, ಬದಲಾಗದ ನಕ್ಷತ್ರ ಎಲ್ಲಾ ಮಾಯ ಆಗತ್ತೆ, ಉಳಿದಿದ್ದರಲ್ಲಿ ಚುಕ್ಕಿ ಥರ ಇರದೆ ಹರಡಿರೋದು ಕಂಡ್ರೆ ಅದು ಬಹಳ ಸಲ ಲೆನ್ಸೇ. ಬಣ್ಣದ ಹಂಗಿಲ್ಲ, ಗ್ಯಾಲಕ್ಸಿ ಹೊಳಪಿನ ಹಂಗಿಲ್ಲ. ಬೇಕಿರೋದು ವರ್ಷಗಟ್ಟಲೆ ಒಂದೇ ಆಕಾಶ ನೋಡೋ ಸರ್ವೇ, ಅದು ಚಿಲಿಯ ರೂಬಿನ್ ವೀಕ್ಷಣಾಲಯದಿಂದ ಬರತ್ತೆ, ಅಲ್ಲಿಯ 8.4 ಮೀಟರ್ ಟೆಲಿಸ್ಕೋಪಿನ ಮೊದಲ ಇಮೇಜ್‌ಗಳು 2025ರ ಜೂನ್‌ನಲ್ಲಿ ಬಂದ್ವು. ಆ ಸರ್ವೇಲಿ ಸುಮಾರು 8000 ಲೆನ್ಸ್ ಆದ ಕ್ವೇಸಾರ್ ಸಿಗ್ಬಹುದು ಅಂತ ಒಗುರಿ ಮತ್ತು ಮಾರ್ಷಲ್ 2010ರಲ್ಲಿ ಅಂದಾಜು ಮಾಡಿದ್ರು. ಇವತ್ತು ಪ್ರಾಜೆಕ್ಟ್ ಮುಗಿಸ್ಬೇಕು ಅನ್ನೋರಿಗೆ ಈ ದಾರಿ ಆಗಲ್ಲ, ಪಿಎಚ್‌ಡಿ ಈಗ ಶುರು ಮಾಡೋರಿಗೆ ಇದಕ್ಕಿಂತ ಒಳ್ಳೇದು ಇಲ್ಲ.

ಇನ್ನು ಕನ್ಫರ್ಮ್ ಮಾಡೋದು

ಇಲ್ಲೇ ನನಗೆ ಗಟ್ಟಿ ಅಭಿಪ್ರಾಯ ಇರೋದು. ಸುಮಾರು ಜನ ಎರಡೂ ಚುಕ್ಕಿಗೆ ಸ್ಪೆಕ್ಟ್ರಮ್ ತೆಗೆದು, ರೆಡ್‌ಶಿಫ್ಟ್ ಒಂದೇ ಬಂತು, ಮುಗೀತು ಲೆನ್ಸ್ ಅಂತಾರೆ. ಮುಗೀಲಿಲ್ಲ. ಒಂದೇ ರೆಡ್‌ಶಿಫ್ಟ್ ಅನ್ನೋದು ಬೇಕೇ ಬೇಕು, ಆದ್ರೆ ಅದೊಂದೇ ಸಾಲಲ್ಲ.

ಮೊದ್ಲು ಅದರ ಒಳ್ಳೇದು ಹೇಳ್ತೀನಿ. ಎರಡೂ ಚುಕ್ಕಿ ಮೇಲೆ ಒಂದೇ ಸ್ಲಿಟ್ (ಬೆಳಕು ಒಳಗೆ ಬಿಡೋ ಸಣ್ಣ ಸೀಳು) ಇಟ್ಟು ಸ್ಪೆಕ್ಟ್ರಮ್ ತೆಗೆಯೋದು ಅಗ್ಗ, ಬೇಗ. ಚಿಲಿಯ ಲಾ ಸಿಲ್ಲಾದ 3.58 ಮೀಟರ್ ಎನ್‌ಟಿಟಿ ಟೆಲಿಸ್ಕೋಪ್, ಸ್ಪೇನಿನ ಲಾ ಪಾಲ್ಮಾ ದ್ವೀಪದ 2.56 ಮೀಟರ್ ನಾರ್ಡಿಕ್ ಟೆಲಿಸ್ಕೋಪ್ ಇಂಥವುಗಳಲ್ಲೇ ಈಚಿನ ಬಹಳಷ್ಟು ಲೆನ್ಸ್ ಕನ್ಫರ್ಮ್ ಆಗಿದ್ದು. ಒಂದು ಚುಕ್ಕಿ ನಕ್ಷತ್ರ ಆಗಿದ್ರೆ ಸೊನ್ನೆ ರೆಡ್‌ಶಿಫ್ಟಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಗೆರೆಗಳು ಥಟ್ಟಂತ ಕಾಣತ್ತೆ, ಅಲ್ಲಿಗೆ ಆ ಕ್ಯಾಂಡಿಡೇಟ್ ಹೋಯ್ತು. ಅಂದ್ರೆ ಕಸ ಹೆಚ್ಚಾಗಿ ನಕ್ಷತ್ರಗಳೇ ಇರೋ ಹುಡುಕಾಟ ನಿಮ್ಮದಾದ್ರೆ ಸ್ಲಿಟ್ ಸ್ಪೆಕ್ಟ್ರಮ್‌ಗಿಂತ ಒಳ್ಳೇ ಸಾಧನ ಇಲ್ಲ. ಒಂದು ಷರತ್ತು, ಆ ರಾತ್ರಿಯ ಸೀಯಿಂಗ್ (ವಾತಾವರಣ ಚುಕ್ಕಿಯನ್ನ ಎಷ್ಟು ಹರಡತ್ತೆ ಅನ್ನೋದು) ಚುಕ್ಕಿಗಳ ಅಂತರಕ್ಕಿಂತ ಚೆನ್ನಾಗಿರ್ಬೇಕು, ಇಲ್ಲಾಂದ್ರೆ ಹೊಳೆಯೋ ಚುಕ್ಕಿಯ ಬೆಳಕು ಮಂಕು ಚುಕ್ಕಿ ಮೇಲೆ ಸೋರಿ ಎರಡೂ ಒಂದೇ ಥರ ಕಾಣತ್ತೆ, ಸುಳ್ಳು ಲೆನ್ಸ್ ಹುಟ್ಟೋದು ಹೀಗೇ.

ಕಷ್ಟ ಬರೋದು ಎರಡೂ ಕ್ವೇಸಾರ್ ಆಗಿ, ಎರಡರ ರೆಡ್‌ಶಿಫ್ಟೂ ಒಂದೇ ಆದಾಗ. ಗ್ಯಾಲಕ್ಸಿಗಳು ಡಿಕ್ಕಿ ಹೊಡೆದು ಸೇರುವಾಗ ಎರಡು ಬೇರೆ ಕ್ವೇಸಾರ್ ಅಕ್ಕಪಕ್ಕ ಉರಿಯೋದು ಅಪರೂಪಕ್ಕೆ ಆಗತ್ತೆ, ಲೆನ್ಸ್ ಕೂಡ ಅಷ್ಟೇ ಅಪರೂಪ, ಹಾಗಾಗಿ ಯಾವುದೋ ಒಂದೇ ಇರ್ಬೇಕು ಅಂತ ಊಹೆ ಮಾಡೋ ಹಾಗಿಲ್ಲ. ಪಿಕೆಎಸ್ 1145-071 ಅನ್ನೋ ಜೋಡೀನೇ ನೋಡಿ, 4.2 ಆರ್ಕ್‌ಸೆಕೆಂಡ್ ಅಂತರ, ಒಂದೇ ರೆಡ್‌ಶಿಫ್ಟ್, ಸ್ಪೆಕ್ಟ್ರಮ್ ಕೂಡ ಹತ್ತಿರ ಹತ್ತಿರ. ಆದ್ರೆ ರೇಡಿಯೋದಲ್ಲಿ ಒಂದು ಜೋರಾಗಿದೆ, ಇನ್ನೊಂದು ಕಾಣೋದೇ ಇಲ್ಲ. ಲೆನ್ಸ್ ಆಗಿದ್ರೆ ಹೀಗಾಗೋ ಸಾಧ್ಯತೆನೇ ಇಲ್ಲ, ಗುರುತ್ವಕ್ಕೆ ರೇಡಿಯೋ, ಬೆಳಕು ಅಂತ ಭೇದ ಇಲ್ವಲ್ಲ. 1987ರಲ್ಲಿ ಜಾರ್ಗೋವ್‌ಸ್ಕಿ ಮತ್ತು ಜೊತೆಯವರು ಇದನ್ನ ಅವಳಿ ಕ್ವೇಸಾರ್ ಅಂತ ಘೋಷಿಸಿದ್ರು. ಇನ್ನೊಂದು ಕ್ಯೂ2345+007, 1982ರಲ್ಲಿ ಸಿಕ್ಕಿದ್ದು, 7.3 ಆರ್ಕ್‌ಸೆಕೆಂಡ್, ಸ್ಪೆಕ್ಟ್ರಮ್ ತುಂಬಾ ಹೋಲತ್ತೆ, ನಡುವೆ ಎಷ್ಟು ಹುಡುಕಿದ್ರೂ ಅಷ್ಟು ಅಂತರಕ್ಕೆ ಬೇಕಾದ ಗ್ಯಾಲಕ್ಸಿ ಸಿಗ್ಲಿಲ್ಲ. ಕಾಣದ ಕಪ್ಪು ಲೆನ್ಸ್ ಇರ್ಬೇಕು ಅಂತ ಇಪ್ಪತ್ತು ವರ್ಷ ಚರ್ಚೆ ನಡೀತು, ಕೊನೆಗೆ ಚಂದ್ರ ಎಕ್ಸ್‌ರೇ ವೀಕ್ಷಣಾಲಯದ ಡೇಟಾ ನೋಡಿದಾಗ ಎರಡರ ಎಕ್ಸ್‌ರೇ ಬೇರೆ ಬೇರೆ, ಅವಳಿ ಅನ್ನೋ ಕಡೆಗೇ ತಕ್ಕಡಿ ವಾಲ್ತು.

ಇದರ ಉಲ್ಟಾನೂ ಆಗತ್ತೆ. ನಿಜವಾದ ಲೆನ್ಸಿನಲ್ಲೂ ಎರಡು ಸ್ಪೆಕ್ಟ್ರಮ್ ಸ್ವಲ್ಪ ಬೇರೆ ಇರತ್ತೆ, ಒಂದು ದಾರಿಯಲ್ಲಿ ಧೂಳು ಸಿಕ್ಕಿ ಕೆಂಪಾಗಿರತ್ತೆ, ನಡುವಿನ ಗ್ಯಾಲಕ್ಸಿಯ ಒಂದೊಂದು ನಕ್ಷತ್ರನೂ ಪುಟ್ಟ ಲೆನ್ಸ್ ಆಗಿ ಕ್ವೇಸಾರಿನ ಒಳಭಾಗದ ಬೆಳಕನ್ನ ಮಾತ್ರ ಹೆಚ್ಚಿಸಿರತ್ತೆ, ಮೇಲಿಂದ ಎರಡು ಚುಕ್ಕಿಯಲ್ಲಿ ನಾವು ನೋಡ್ತಿರೋ ಕಾಲವೇ ಬೇರೆ. ಹಾಗಾಗಿ ಆಕಾರ ಸ್ವಲ್ಪ ಬೇರೆ ಅಂತ ಬಿಸಾಕೋದೂ ತಪ್ಪು, ಒಂದೇ ಥರ ಇದೆ ಅಂತ ಒಪ್ಪೋದೂ ತಪ್ಪು.

ನನ್ನ ಪ್ರಕಾರ ನಿಜವಾದ ಸಾಕ್ಷಿ ಅಂದ್ರೆ ನಡುವಿನ ಗ್ಯಾಲಕ್ಸಿ. ಒಳ್ಳೇ ಸೀಯಿಂಗ್ ಇರೋ ಇಮೇಜ್ ತಗೊಂಡು ಎರಡು ಚುಕ್ಕಿಯ ಆಕಾರ ಮಾಡೆಲ್ ಮಾಡಿ ಕಳೀರಿ, ನಡುವೆ ಏನಾದ್ರೂ ಮಂಕಾಗಿ ಕೆಂಪಾಗಿ ಉಳಿದ್ರೆ, ಅದೂ ಎರಡು ಚುಕ್ಕಿ ಇರೋ ಲೆನ್ಸಲ್ಲಿ ಸಾಮಾನ್ಯವಾಗಿ ಮಂಕು ಚುಕ್ಕಿಗೆ ಹತ್ತಿರವಾಗಿ ಉಳಿದ್ರೆ, ಆಗ ಕೇಸ್ ಗಟ್ಟಿ. ಮೊಟ್ಟಮೊದಲ ಲೆನ್ಸಿನಲ್ಲೂ ಹೀಗೇ, ರೆಡ್‌ಶಿಫ್ಟ್ 0.36ರ ಗ್ಯಾಲಕ್ಸಿ ಒಂದು ಚುಕ್ಕಿಗೆ ಅಂಟಿಕೊಂಡ ಹಾಗೆ ಇದ್ದಿದ್ದರಿಂದ ಮೊದ್ಲು ಕಂಡಿರ್ಲಿಲ್ಲ, ಆಮೇಲೆ ಕಂಡು ಅನುಮಾನ ತೀರ್ತು. ಹಬಲ್ ಇನ್ಫ್ರಾರೆಡ್ ಇಮೇಜ್, ಹವಾಯಿಯ ಕೆಕ್ ಟೆಲಿಸ್ಕೋಪಿನ ಅಡಾಪ್ಟಿವ್ ಆಪ್ಟಿಕ್ಸ್ (ವಾತಾವರಣದ ಮಸುಕು ಸರಿಪಡಿಸೋ ವ್ಯವಸ್ಥೆ) ಸಿಕ್ರೆ ಇನ್ನೂ ಒಳ್ಳೇದು, ಅದರಲ್ಲಿ ಕ್ವೇಸಾರ್ ಇರೋ ಮೂಲ ಗ್ಯಾಲಕ್ಸಿ ಕೂಡ ಎಳೆದ ಕಮಾನು ಥರ ಕಾಣ್ಬಹುದು, ಅದು ಕಂಡ ಮೇಲೆ ಬೇರೆ ಪುರಾವೆ ಯಾರೂ ಕೇಳಲ್ಲ. 2023ರಲ್ಲಿ ಹೋದ ಯೂಕ್ಲಿಡ್ ಬಾಹ್ಯಾಕಾಶ ಟೆಲಿಸ್ಕೋಪ್ ಇಂಥ ಸೂಕ್ಷ್ಮ ಇಮೇಜ್‌ಗಳನ್ನ ಆಕಾಶದ ದೊಡ್ಡ ಭಾಗಕ್ಕೆ ಕೊಡ್ತಾ ಇದೆ, ಇದು ಕನ್ಫರ್ಮ್ ಮಾಡೋ ಕೆಲಸವನ್ನೇ ಬದಲಾಯಿಸತ್ತೆ ಅಂತ ನನ್ನ ನಂಬಿಕೆ. ದುಡ್ಡಿಲ್ಲದೆ ಶುರು ಮಾಡೋರಿಗೆ ಡೆಸಿ ಲೆಗಸಿ ಸರ್ವೇ ವ್ಯೂಯರ್ ಅನ್ನೋ ವೆಬ್‌ಸೈಟ್ ಇದೆ, ಅದರಲ್ಲಿ ಮಾಡೆಲ್ ಕಳೆದ ಮೇಲೆ ಉಳಿಯೋ ಇಮೇಜೂ ತೋರಿಸ್ತಾರೆ, ಅಲ್ಲೇ ಎಷ್ಟೋ ಗ್ಯಾಲಕ್ಸಿ ಕಣ್ಣಿಗೆ ಬೀಳತ್ತೆ.

ನಾಲ್ಕು ಚುಕ್ಕಿ ಸಿಕ್ಕಿದ್ರೆ ಮಾತೇ ಬೇರೆ. ನಾಲ್ಕು ಒಂದೇ ಬಣ್ಣದ ಚುಕ್ಕಿ ಲೆನ್ಸ್ ಮಾಡೆಲ್ ಹೇಳೋ ಆಕಾರದಲ್ಲೇ ಕೂತಿರೋದು ಕಾಕತಾಳೀಯ ಆಗೋಕೆ ಸಾಧ್ಯ ಇಲ್ಲ, ಅಂಥದ್ದಕ್ಕೆ ಒಂದು ರೆಡ್‌ಶಿಫ್ಟ್ ಸಾಕು.

ಚಿಲಿಯ ಎಂಟು ಮೀಟರ್ ವಿಎಲ್‌ಟಿ ಟೆಲಿಸ್ಕೋಪಿನ ಮ್ಯೂಸ್ ಥರದ ಉಪಕರಣ ಒಂದೇ ಸಲಕ್ಕೆ ಒಂದು ಆರ್ಕ್‌ಮಿನಿಟ್ ಚೌಕದ ಪ್ರತಿ ಪಿಕ್ಸೆಲ್‌ಗೂ ಸ್ಪೆಕ್ಟ್ರಮ್ ಕೊಡತ್ತೆ, ಚುಕ್ಕಿಗಳದ್ದೂ ಬಂತು, ಗ್ಯಾಲಕ್ಸಿ ರೆಡ್‌ಶಿಫ್ಟೂ ಬಂತು, ಸುತ್ತಮುತ್ತ ಇರೋ ಗ್ಯಾಲಕ್ಸಿಗಳದ್ದೂ ಬಂತು. ಆದ್ರೆ ಬರೀ ಕನ್ಫರ್ಮ್ ಮಾಡೋಕೆ ಅಷ್ಟು ದೊಡ್ಡ ಟೆಲಿಸ್ಕೋಪ್ ಕೇಳಿದ್ರೆ ಕೊಡಲ್ಲ, ಲೆನ್ಸ್ ಅಂತ ಗೊತ್ತಾದ ಮೇಲೆ ಅದರಿಂದ ಕಾಸ್ಮಾಲಜಿ ಮಾಡೋಕೆ ಅದನ್ನ ಇಟ್ಕೊಳ್ಳಿ.

ಎಲ್ಲಕ್ಕಿಂತ ಖಚಿತ, ಎಲ್ಲಕ್ಕಿಂತ ನಿಧಾನ ಅಂದ್ರೆ ಟೈಮ್ ಡಿಲೇ, ಮೊದ್ಲು ಹೇಳಿದ ಆ ತಡ. ಮೊಟ್ಟಮೊದಲ ಲೆನ್ಸ್ ಕ್ಯೂ0957ರಲ್ಲಿ ಡಿಲೇ ಎಷ್ಟು ಅಂತ ವರ್ಷಗಳ ಜಗಳ ಇತ್ತು, ಒಬ್ರು 415 ದಿನದ ಹತ್ರ ಅಂದ್ರೆ ಇನ್ನೊಬ್ರು 536. ಕುಂಡಿಚ್ ಮತ್ತು ಜೊತೆಯವರು 1994ರ ಡಿಸೆಂಬರಿನಲ್ಲಿ ಒಂದು ಚುಕ್ಕಿ ಥಟ್ಟಂತ ಮಂಕಾಗಿದ್ದು ನೋಡಿ, ಇನ್ನೊಂದು ಯಾವಾಗ ಮಂಕಾಗ್ಬೇಕು ಅಂತ ಮುಂಚೆನೇ ಬರೆದು ಕಾದ್ರು, 1996ರ ಫೆಬ್ರವರಿಯಲ್ಲಿ ಅದು ಹಾಗೇ ಆಯ್ತು, ಡಿಲೇ 417 ದಿನ. ಒಂದೇ ಕ್ವೇಸಾರ್ ಅನ್ನೋಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಈಚಿನದು ಜೆ1721+8842. ನಾಲ್ಕು ಚುಕ್ಕಿ ಒಂದು ಕ್ವೇಸಾರಿಂದು, ಉಳಿದ ಎರಡು ಅದರ ಪಕ್ಕದ ಇನ್ನೊಂದು ಕ್ವೇಸಾರಿಂದು ಅಂತ ಅಂದ್ಕೊಂಡಿದ್ರು, ನಾರ್ಡಿಕ್ ಟೆಲಿಸ್ಕೋಪಿನಿಂದ ಬೆಳಕಿನ ಏರಿಳಿತ ಅಳೆದಾಗ ಆರೂ ಒಂದೇ ಕಥೆ ಹೇಳಿದ್ವು, ಅಂದ್ರೆ ಕ್ವೇಸಾರ್ ಒಂದೇ, ಆದ್ರೆ ಬೇರೆ ಬೇರೆ ದೂರದಲ್ಲಿರೋ ಎರಡು ಗ್ಯಾಲಕ್ಸಿ ಅದರ ಬೆಳಕನ್ನ ಅಂಕುಡೊಂಕಾಗಿ ಬಗ್ಗಿಸಿವೆ. ಇಂಥದ್ದನ್ನ ಸ್ಪೆಕ್ಟ್ರಮ್ ಮಾತ್ರ ಇಟ್ಕೊಂಡು ಬಿಡಿಸೋಕೆ ಆಗ್ತಿರ್ಲಿಲ್ಲ.

ಈ ಕೆಲಸದಲ್ಲಿ ನಮ್ಮ ಪಾಲೂ ಇದೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರೋ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನ ಹೊಸಕೋಟೆ ಹತ್ರದ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಿಂದ ನಡೆಸ್ತಾರೆ. ಅದರಲ್ಲಿ ತೆಗೆದ ಇಮೇಜ್‌ಗಳು ಬೇರೆ ಎರಡು ಟೆಲಿಸ್ಕೋಪಿನ ಡೇಟಾ ಜೊತೆ ಸೇರಿ, ಒಟ್ಟು ಆರು ವರ್ಷಕ್ಕೂ ಹೆಚ್ಚು ಕಾಲ ನೋಡಿದ ಮೇಲೆ, ಎಸ್‌ಡಿಎಸ್‌ಎಸ್ ಜೆ1001+5027ರ ಡಿಲೇ 119.3 ದಿನ ಅಂತ 2013ರಲ್ಲಿ ಬಂತು, ಪೇಪರಿನ ಮೊದಲ ಹೆಸರು ಆ ಸಂಸ್ಥೆಯ ರತ್ನಕುಮಾರ್ ಅವರದ್ದು. ಎಸ್‌ಡಿಎಸ್‌ಎಸ್ ಹುಡುಕಾಟದಲ್ಲಿ ಸಿಕ್ಕ ಲೆನ್ಸ್ ಅದು, ಕೆಲಸ ಪೂರ್ತಿ ಆಗಿದ್ದು ಇಂಥ ಚಿಕ್ಕ ಟೆಲಿಸ್ಕೋಪ್‌ಗಳ ತಾಳ್ಮೆಯಿಂದ.

ಹಾಗಾದ್ರೆ ನೀವು ಯಾವುದನ್ನ ಹಿಡೀಬೇಕು

ಟೆಲಿಸ್ಕೋಪ್ ಸಿಗೋದೇ ಅನುಮಾನ, ಲ್ಯಾಪ್‌ಟಾಪ್ ಮಾತ್ರ ಇದೆ ಅಂದ್ರೆ: ಗಾಯಾ ಜೊತೆ ವೈಸ್, ಅಂತರ ಒಂದರಿಂದ ನಾಲ್ಕು ಆರ್ಕ್‌ಸೆಕೆಂಡ್, ಆಮೇಲೆ ಲೆಗಸಿ ಸರ್ವೇ ಇಮೇಜಿನಲ್ಲಿ ನಡುವೆ ಗ್ಯಾಲಕ್ಸಿ ಕಾಣೋದನ್ನ ಮಾತ್ರ ಮುಂದಕ್ಕೆ ತಗೊಳ್ಳಿ. ಲಿಸ್ಟ್ ಚಿಕ್ಕದಾಗತ್ತೆ, ಆದ್ರೆ ಯಾರ ಹತ್ರ ಹೋಗಿ ಸ್ಪೆಕ್ಟ್ರಮ್ ತೆಗೆದುಕೊಡಿ ಅಂದ್ರೂ ತಲೆ ಎತ್ತಿ ಕೇಳ್ಬಹುದು.

2 ಮೀಟರ್ ಟೆಲಿಸ್ಕೋಪಿನಲ್ಲಿ ಕೆಲವು ರಾತ್ರಿ ಸಿಗತ್ತೆ ಅಂದ್ರೆ ಹೊಳೆಯೋ ಜೋಡಿಗಳನ್ನ ಮಾತ್ರ ಆರಿಸಿ, ಅಂತರ ಎರಡು ಆರ್ಕ್‌ಸೆಕೆಂಡ್‌ಗಿಂತ ಹೆಚ್ಚಿರ್ಲಿ, ನಕ್ಷತ್ರದ ಕಸ ತೆಗೆಯೋಕೆ ಅದು ಸಾಕು. ಇನ್ನೂ ಮಂಕು ಚುಕ್ಕಿಗೆ ನೈನಿತಾಲ್ ಹತ್ರದ ದೇವಸ್ಥಲದ 3.6 ಮೀಟರ್ ಟೆಲಿಸ್ಕೋಪಿಗೆ ಅರ್ಜಿ ಹಾಕಿ. ಲೆನ್ಸ್ ಎಷ್ಟಿದೆ ಅಂತ ಎಣಿಸಿ ಅಂಕಿಅಂಶ ಮಾಡೋದು ನಿಮ್ಮ ಗುರಿ ಆಗಿದ್ರೆ ಗಾಯಾ ಲಿಸ್ಟ್ ಎಷ್ಟೇ ಚೆನ್ನಾಗಿದ್ರೂ ಬೇಡ, ಸ್ಪೆಕ್ಟ್ರಮ್ ಇರೋ ಕ್ವೇಸಾರ್ ಸ್ಯಾಂಪಲ್ ಅಥವಾ ರೇಡಿಯೋ ಸ್ಯಾಂಪಲ್ ಹಿಡೀರಿ. ಹಬಲ್ ಕಾನ್‌ಸ್ಟಂಟ್ (ವಿಶ್ವ ಹಿಗ್ಗೋ ವೇಗ) ಗುರಿ ಆಗಿದ್ರೆ ನಾಲ್ಕು ಚುಕ್ಕಿ, ಉದ್ದದ ಡಿಲೇ. ಐನ್‌ಸ್ಟೈನ್ ಕ್ರಾಸ್ ಅನ್ನೋ ನಾಲ್ಕು ಚುಕ್ಕಿಯ ಲೆನ್ಸ್ ಎಷ್ಟೇ ಹೆಸರುವಾಸಿ ಆದ್ರೂ ಇದಕ್ಕೆ ಆಗಲ್ಲ, ಅದರ ಲೆನ್ಸ್ ಗ್ಯಾಲಕ್ಸಿ ತುಂಬಾ ಹತ್ತಿರ, ಡಿಲೇ ಒಂದೆರಡು ದಿನದ ಒಳಗೇ ಮುಗಿಯತ್ತೆ, ಏರಿಳಿತದಲ್ಲಿ ಹಿಡಿಯೋಕಾಗಲ್ಲ. ಆ ಕಡೆ ಜೆ1004+4112ರ ಒಂದು ಚುಕ್ಕಿ ಆರೂವರೆ ವರ್ಷಕ್ಕೂ ಹೆಚ್ಚು ತಡವಾಗಿ ಬರತ್ತೆ, ಅದನ್ನ ಹಿಡಿಯೋಕೆ ಹದಿನಾಲ್ಕು ವರ್ಷಕ್ಕೂ ಹೆಚ್ಚು ಅದನ್ನೇ ನೋಡ್ತಾ ಇದ್ರು.

ಇನ್ನು ಆ 25 ಜೋಡಿ ಥರದ್ದು ನಿಮಗೂ ಸಿಗತ್ತೆ, ಒಂದೇ ರೆಡ್‌ಶಿಫ್ಟ್, ನಡುವೆ ಗ್ಯಾಲಕ್ಸಿ ಕಾಣ್ತಿಲ್ಲ. ಅವನ್ನ ದಯವಿಟ್ಟು ಲೆನ್ಸ್ ಅಂತಾನೂ ಬರೀಬೇಡಿ, ಬಿಸಾಕ್ಲೂ ಬೇಡಿ. ಬೇರೆಯಾಗಿ ಒಂದು ಟೇಬಲ್ ಮಾಡಿ, ಅಂತರ, ಎರಡರ ಮ್ಯಾಗ್ನಿಟ್ಯೂಡ್, ರೆಡ್‌ಶಿಫ್ಟ್, ಇಮೇಜಿನ ಸೀಯಿಂಗ್, ಯಾವ ಮ್ಯಾಗ್ನಿಟ್ಯೂಡ್‌ವರೆಗೂ ಗ್ಯಾಲಕ್ಸಿ ಹುಡುಕಿ ಸಿಗ್ಲಿಲ್ಲ ಅನ್ನೋದು, ಇಷ್ಟು ಹಾಕಿ ಪಬ್ಲಿಶ್ ಮಾಡಿ. ನಕ್ಷತ್ರ ಅಂತ ರಿಜೆಕ್ಟ್ ಆಗಿದ್ದನ್ನೂ ಸೇರಿಸಿ, ಎಸ್‌ಡಿಎಸ್‌ಎಸ್ ಹುಡುಕಾಟದವರು ಪ್ರತಿ ಪೇಪರಿನಲ್ಲೂ ಯಾವ ಕ್ಯಾಂಡಿಡೇಟ್ ಯಾಕೆ ಬಿದ್ದೋಯ್ತು ಅಂತ ಟೇಬಲ್ ಕೊಟ್ಟಿದ್ರು, ಆಮೇಲೆ ಹುಡುಕಿದವರಿಗೆ ಅದರಿಂದ ಎಷ್ಟೋ ರಾತ್ರಿಯ ಟೆಲಿಸ್ಕೋಪ್ ಟೈಮ್ ಉಳೀತು.